ಫೋನಿನ ಈ ಕಡೆಯ ಮಾತು

ಗುಮಾಸ್ತರು ನಾಲ್ಕನೆಯ ಸಲ ಗೋಡೆಯ ಸ್ವಿಚ್ ಆರಿಸಿ ಹಾಕಿದರು. ಹಳೇ ಕಂಪ್ಯೂಟರ್ ಗೊರಗೊರ ಅಂದು ಎದ್ದು, ಮತ್ತೆ ಅದೇ ರಾಗ ಹಾಡಿತು: ಸರ್ವರ್ ಸಿಗುತ್ತಿಲ್ಲ.

"ಬೆಳಿಗ್ಗೆ ಕರೆಂಟ್ ಹೋಗಿ ಬಂದಾಗಿಂದ ಹೀಗೇ ಅಮ್ಮಾ. ಸರ್ವರ್ ಸಿಗದೆ ಶವಸಂಸ್ಕಾರದ ಅನುಮತಿ ಪತ್ರ ಬರಲ್ಲ. ಕೈಯಲ್ಲಿ ಬರೆದುಕೊಟ್ರೆ ಸ್ಮಶಾನದವರು ಒಪ್ಪಲ್ಲ."

ಕೌಂಟರಿನ ಈಚೆ ನಿಂತಿದ್ದವಳ ಗಂಡನ ದೇಹ ಹೊರಗೆ ವ್ಯಾನಿನಲ್ಲಿತ್ತು. ಆಗಲೇ ಹನ್ನೆರಡು ಗಂಟೆ. ಒಂದಕ್ಕೆ ಈ ಕಚೇರಿ ಮುಚ್ಚುತ್ತದೆ, ಆಮೇಲೆ ಎರಡು ದಿನ ರಜೆ. ಜೀವಮಾನದಲ್ಲಿ ಯಾರನ್ನೂ ಕಾಯಿಸದ ಮನುಷ್ಯನನ್ನು ಎರಡು ದಿನ ಆಸ್ಪತ್ರೆಯ ಶೈತ್ಯಾಗಾರದಲ್ಲಿ ಕಾಯಿಸುವುದೇ?

"ಅತ್ತಿಗೆ, ನೀವು ವ್ಯಾನಿನಲ್ಲಿ ಕೂತಿರಿ," ಎಂದ ಮೈದುನ. "ಇದರ ತಲೆಬುಡ ನಿಮಗೆ ಗೊತ್ತಾಗಲ್ಲ."

ಅದೂ ಸುಳ್ಳಲ್ಲ. ಧೂಳು ಒರೆಸುವುದನ್ನು ಬಿಟ್ಟರೆ ಅವಳು ಕಂಪ್ಯೂಟರನ್ನು ಮುಟ್ಟಿದವಳೇ ಅಲ್ಲ.

"ತಾಳಿ, ಕಂಪ್ಯೂಟರ್ ಕೆಟ್ಟಾಗ ಹೇಳಿಕೊಡೋ ನಮ್ಮ ಮೇಷ್ಟ್ರಿಗೆ ಫೋನ್ ಮಾಡ್ತೀನಿ," ಎಂದರು ಗುಮಾಸ್ತರು. "ನಾನು ಅವರ ಮುಖ ಕಂಡಿಲ್ಲ. ಆದ್ರೆ ಕೂತಲ್ಲಿಂದಲೇ ಸರಿ ಮಾಡಿಸ್ತಾರೆ."

ಫೋನು ರಿಂಗಾದದ್ದು ಅವಳ ಕೈಚೀಲದಲ್ಲಿ.

* * *

ಹದಿನೆಂಟು ವರ್ಷ ಗಂಡನ ಆ ಫೋನು ಅವಳಿಗೆ ಸವತಿಯಾಗಿತ್ತು. ಅವರು ಊಟಕ್ಕೆ ಕೂತರೆ ಸಾಕು, ಹೊಂಚು ಹಾಕಿದ್ದಂತೆ ಬಡಿದುಕೊಳ್ಳುತ್ತಿತ್ತು. ತುತ್ತು ಹಿಡಿದೇ ಶುರು ಮಾಡುತ್ತಿದ್ದರು: "ಊಟ ಆಯ್ತಾ? ಸರಿ. ಸ್ಕ್ರೀನಿನ ಮೂಲೇಲಿ ತಾರೀಕು ಓದಿ." ಆ ಕಡೆಯವರು ಏನೆನ್ನುತ್ತಿದ್ದರೋ ಅವಳಿಗೆ ಕೇಳುತ್ತಿರಲಿಲ್ಲ.

"ನನ್ನ ಹತ್ರ ಒಂದು ದಿನವಾದ್ರೂ ಇಷ್ಟು ತಾಳ್ಮೆಯಿಂದ ಮಾತಾಡಿದ್ದೀರಾ?" ಎಂದು ಒಮ್ಮೆ ರೇಗಿದ್ದಳು.

"ನೀನು ಕೆಟ್ಟು ನಿಲ್ಲಲ್ವಲ್ಲ," ಎಂದು ನಕ್ಕಿದ್ದರು. "ಆ ಕಂಪ್ಯೂಟರುಗಳಿಗೆ ವಯಸ್ಸಾಗಿದೆ ಕಣೇ. ಒಳಗಿನ ಪುಟ್ಟ ಬ್ಯಾಟರಿ ಸತ್ತಿರುತ್ತೆ. ಕರೆಂಟ್ ಹೋದ್ರೆ ಇವತ್ತು ಯಾವ ದಿನ ಅನ್ನೋದೇ ಮರೆತುಹೋಗುತ್ತೆ. ತಾರೀಕು ಹೊಂದದಿದ್ರೆ ಸರ್ವರ್ ಒಳಗೇ ಸೇರಿಸಲ್ಲ."

* * *

ಅವಳು ಫೋನ್ ತೆಗೆದಳು. ಗುಮಾಸ್ತರು ಅವಳ ಕೈ ನೋಡಿದರು, ಮೇಜಿನ ಮೇಲಿನ ಅರ್ಜಿ ನೋಡಿದರು.

"ಅಯ್ಯೋ! ನಮ್ಮ ಮೇಷ್ಟ್ರಾ?"

"ಹೌದು ಸಾರ್. ಫೋನ್ ಇಡಬೇಡಿ. ಅವರು ಹೇಳ್ತಿದ್ದದ್ದನ್ನ ಎದುರಿಗೆ ನಿಂತು ಹೇಳೋಕೆ ನನಗೆ ಬರಲ್ಲ. ಫೋನಲ್ಲಾದ್ರೆ ಬರುತ್ತೆ."

ಕೌಂಟರಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿದಳು.

"ಊಟ ಆಯ್ತಾ?"

"ಇ... ಇನ್ನೂ ಇಲ್ಲ ಅಮ್ಮಾ."

"ಸರಿ. ಸ್ಕ್ರೀನಿನ ಮೂಲೇಲಿ ತಾರೀಕು ಓದಿ."

"ಜನವರಿ ಒಂದು ಅಂತಿದೆ!"

"ಇವತ್ತಿನದು ಹಾಕಿ. ಗಂಟೇನೂ ಸರಿ ಮಾಡಿ."

ಸ್ವಲ್ಪ ಹೊತ್ತು ಟಕಟಕ ಸದ್ದು. "ಹಾಕಿದೆ. ಆದ್ರೂ ಸಿಗ್ತಿಲ್ಲ. ಆರಿಸಿ ಹಾಕ್ಲಾ?"

"ಸ್ವಿಚ್ ಮುಟ್ಟಬೇಡಿ! ಮತ್ತೆ ಹಳೇ ತಾರೀಕಿಗೇ ಹೋಗುತ್ತೆ."

ಮುಂದೆ? ಅವಳಿಗೆ ನೆನಪಾಗಲಿಲ್ಲ. ಮೈದುನ ಗಡಿಯಾರ ನೋಡಿದ. ಹಿಂದೆ ಸಾಲಿನಲ್ಲಿದ್ದವರು ಕತ್ತು ಚಾಚಿದರು. ಮಾತು ಇಲ್ಲಿಗೆ ಬಂದಾಗ ಗಂಡ ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿ, ಏನೋ ಒಂದೇ ಒಂದು ಮಾತು ಕೇಳುತ್ತಿದ್ದರು. ಅವಳೂ ಬರಿಬಾಯಿ ಅಗಿದಳು, ನುಂಗಿದಳು.

"ಇಸವಿ ಎಷ್ಟಿದೆ?"

ಗುಮಾಸ್ತರು ಹಣೆ ಚಚ್ಚಿಕೊಂಡರು. ದಿನ, ತಿಂಗಳು, ಗಂಟೆ ಎಲ್ಲ ತಿದ್ದಿ, ಇಪ್ಪತ್ತು ವರ್ಷ ಹಿಂದಿನ ಇಸವಿಯನ್ನು ಹಾಗೇ ಬಿಟ್ಟಿದ್ದರು.

"ತಿದ್ದಿ. ಲಾಗ್ ಔಟ್ ಆಗಿ ಮತ್ತೆ ಒಳಗೆ ಬನ್ನಿ. ಅವಸರ ಬೇಡ, ನಾನು ಫೋನಲ್ಲೇ ಇರ್ತೀನಿ."

ಅವರು ಪ್ರತಿ ಸಲ ಹೇಳುತ್ತಿದ್ದ ಕೊನೆಯ ಮಾತು ಅದು.

"ಸಿಕ್ತು! ಅಮ್ಮಾ, ಸಿಕ್ತು!" ಎಂಬ ಕೂಗು ಕಿವಿಯಲ್ಲೂ ಬೆನ್ನ ಹಿಂದೆಯೂ ಒಟ್ಟಿಗೇ ಕೇಳಿಸಿತು. ಆ ಕಡೆಯವರಿಗೆ ಇಷ್ಟು ಸಂತೋಷವಾಗುತ್ತದೆ ಎಂದು ಹದಿನೆಂಟು ವರ್ಷದಲ್ಲಿ ಅವಳಿಗೆ ಮೊದಲ ಸಲ ಗೊತ್ತಾಯಿತು. ಅಳುತ್ತಲೇ ನಕ್ಕಳು.

ಗುಮಾಸ್ತರು ಪ್ರಿಂಟರಿನಿಂದ ಬಂದ ಪತ್ರವನ್ನು ಕಿಂಡಿಯಲ್ಲಿ ತಳ್ಳಲಿಲ್ಲ. ಕೌಂಟರು ಸುತ್ತಿ ಬಂದು ಎರಡೂ ಕೈಯಲ್ಲಿ ಕೊಟ್ಟರು. ಮೈದುನ ಅದನ್ನು ಇಸಿದುಕೊಳ್ಳಲು ಕೈ ಚಾಚಿದ.

"ಬೇಡಪ್ಪ. ನಾನೇ ತರ್ತೀನಿ."

ಸಾಲು ಎರಡಾಗಿ ಸರಿದು ದಾರಿ ಬಿಟ್ಟಿತು. ಯಾರೋ ಚಪ್ಪಾಳೆ ತಟ್ಟಿದರು, ಸಾವಿನ ಮನೆಯವರೆಂದು ನೆನಪಾಗಿ ನಿಲ್ಲಿಸಿದರು. ಅವಳು ತಿರುಗಿ ಅವರತ್ತ ತಲೆಯಾಡಿಸಿದ ಮೇಲೆ ಇಡೀ ಸಾಲೇ ತಟ್ಟಿತು. ಆ ಸದ್ದಿನ ನಡುವೆ ಅವಳು ಇನ್ನೂ ಬಿಸಿಯಿದ್ದ ಪತ್ರವನ್ನು ತಲೆಯ ಮೇಲೆತ್ತಿ ಹಿಡಿದು ಮೆಟ್ಟಿಲಿಳಿದಳು. ದೂರದಿಂದಲೇ ಅದನ್ನು ಕಂಡ ವ್ಯಾನಿನ ಡ್ರೈವರ್ ಎಂಜಿನ್ ಚಾಲೂ ಮಾಡಿದ.