ಪಕ್ಕದ ಸೀಟಿನ ಬ್ರೇಕು

ಆರ್ಡಿತ್ ಕಾರಿನ ಬಾಗಿಲನ್ನು ಎಳೆದುಕೊಂಡಳು. ಅದು ಸರಿಯಾಗಿ ಮುಚ್ಚಲಿಲ್ಲ. ಕಪ್ಪು ಕೋಟಿನ ಅಂಚು ಸಿಕ್ಕಿಕೊಂಡಿತ್ತು. ಬಿಡಿಸಿಕೊಂಡು ಮತ್ತೆ ಎಳೆದಳು. ಆಮೇಲೆ ಅವಳಿಗೆ ಹೊಳೆಯಿತು: ತಾನು ಕೂತಿರುವುದು ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಓಡಿಸುವವನು ಇನ್ನೇನು ಬಂದುಬಿಡುತ್ತಾನೆ ಎನ್ನುವ ಹಾಗೆ. ಓಡಿಸುವವನು ಆಗಲೇ ಚರ್ಚಿನಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ.

ಅವಳು ಕೂರಬೇಕೆಂದುಕೊಂಡಿದ್ದು ಆಚೆ ಸೀಟಿನಲ್ಲಿ. ಗಂಡ ಲೈಲ್‌ನ ಕೊನೆಯ ಪ್ರಯಾಣದ ಹಿಂದೆ ಲೈಲ್‌ನ ಕಾರೇ ಹೋಗಬೇಕು, ಅದನ್ನು ತಾನೇ ಓಡಿಸಬೇಕು ಎಂದು ಬೆಳಿಗ್ಗೆ ಕಾಫಿ ಕಾಯಿಸುವಾಗ ಗಟ್ಟಿಮಾಡಿಕೊಂಡಿದ್ದಳು. ಆದರೆ ಚಾಲಕನ ಸೀಟು ಅವನ ಉದ್ದ ಕಾಲುಗಳಿಗೆ ತಕ್ಕಂತೆ ಪೂರ್ತಿ ಹಿಂದಕ್ಕಿತ್ತು. ಅದರಲ್ಲಿ ಕೂತರೆ ಅವಳ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಮುಂದಕ್ಕೆಳೆದರೆ ಅವನು ಕೊನೆಯ ಸಲ ಕೂತಿದ್ದ ಜಾಗ ಹೋಗಿಬಿಡುತ್ತದೆ. ಸೀಟಿನ ಕೆಳಗಿನ ಹಿಡಿಯನ್ನು ಮುಟ್ಟಿ, ಬಿಟ್ಟು, ಕಾರನ್ನು ಸುತ್ತಿ ಬಂದು ಈ ಕಡೆ ಕೂತಿದ್ದಳು.

"ಇಲ್ಲಿದೀಯಾ ಅಮ್ಮಾ? ಮನೆಯೆಲ್ಲಾ ಹುಡುಕಿದೆ." ಮಗಳು ಲೋರ್ನಾ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದಳು. "ಹೊರಗೆ ಶವಸಂಸ್ಕಾರದವರ ಕಪ್ಪು ಕಾರು ಬಂದು ನಿಂತಿದೆ. ಆ ಮನುಷ್ಯ ಆಗ್ಲೇ ಗಡಿಯಾರ ನೋಡ್ಕೋತಿದಾನೆ."

"ನಾನು ಇದ್ರಲ್ಲೇ ಬರೋದು."

"ಇದನ್ನ ಓಡಿಸೋರು ಯಾರು?"

ಆರ್ಡಿತ್ ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಮಾಡಿಕೊಂಡಳು.

"ನೋಡಮ್ಮಾ, ಅಂಗಡಿ, ಚರ್ಚು ಬಿಟ್ಟು ನೀನು ಎಲ್ಲಿಗೆ ಓಡಿಸಿದೀಯ? ಅದೂ ನಿನ್ನ ಪುಟ್ಟ ಕಾರಲ್ಲಿ. ಇದು ಕಾರಲ್ಲ, ದೋಣಿ. ಸೋಮವಾರ ರಿಪೇರಿ ಗ್ಯಾರೇಜಿನ ಗೇಲನ್ ಬಂದು ತಗೊಂಡು ಹೋಗ್ತಾನೆ. ಎಲ್ಲಾ ಮಾತಾಡಿದೀನಿ."

"ಯಾರ ಹತ್ರ?"

"ಗೇಲನ್ ಹತ್ರ."

"ನನ್ನ ಹತ್ರ ಮಾತಾಡಿದ್ಯಾ?"

ಲೋರ್ನಾ ಉಸಿರು ಬಿಟ್ಟಳು. ಹೊರಗೆ ಹೋಗಿ ಕಪ್ಪು ಕಾರಿನವನಿಗೆ ಏನೋ ಹೇಳಿ ಕಳಿಸಿ, ಬಂದು ಚಾಲಕನ ಸೀಟಿನಲ್ಲಿ ಕೂತಳು.

"ಸೀಟು ಮುಟ್ಬೇಡ," ಎಂದಳು ಆರ್ಡಿತ್ ಗಾಬರಿಯಿಂದ.

"ಮುಟ್ಟೋದೇನಿದೆ? ಅಪ್ಪನ ಕಾಲೇ ಅಲ್ವಾ ನಂಗೂ ಬಂದಿರೋದು." ಲೋರ್ನಾ ಕಾಲು ಚಾಚಿದಳು. ಅವಳ ಪಾದ ಸಲೀಸಾಗಿ ಪೆಡಲಿನ ಮೇಲೆ ಹೋಗಿ ಕೂತಿತು.

*

ಲೈಲ್ ಹೌಗನ್ ಎಲ್ಮ್ ಬೆಂಡ್ ಊರಿನ ಶಾಲಾ ಬಸ್ಸು ಓಡಿಸುತ್ತಿದ್ದ. ಸೆಪ್ಟೆಂಬರಿನಿಂದ ಮೇ ತನಕ ಅದೇ ಜಲ್ಲಿ ರಸ್ತೆ, ಅದೇ ಜೋಳದ ಹೊಲಗಳು, ಅವೇ ತೋಟದ ಮನೆಗಳ ಗೇಟು. ಬೆಳಿಗ್ಗೆ ಹೋದ ದಾರಿಯಲ್ಲೇ ಸಂಜೆ ವಾಪಸ್ಸು. ಊರಿನಲ್ಲಿ ಐವತ್ತರ ಒಳಗಿನ ಯಾರನ್ನೇ ಕೇಳಿದರೂ ಅವನ ಬೆನ್ನ ಹಿಂದೆ ಕೂತು ಶಾಲೆಗೆ ಹೋದವರೇ. ಆರ್ಡಿತ್ ಅದೇ ಶಾಲೆಯ ಗ್ರಂಥಪಾಲಕಿಯಾಗಿದ್ದಳು. ಜೂನ್ ಬಂತೆಂದರೆ ಇಬ್ಬರೂ ಇದೇ ಬ್ಯೂಕ್ ಕಾರಿನ ಹಿಂಬದಿಯಲ್ಲಿ ತಂಪಿನ ಡಬ್ಬ, ಎರಡು ಮಡಚುವ ಕುರ್ಚಿ, ಒಂದು ಫ್ಲಾಸ್ಕು ತುಂಬಿಕೊಂಡು ಹೊರಟುಬಿಡುತ್ತಿದ್ದರು.

ಲೈಲ್‌ನದು ಎರಡೇ ಕಟ್ಟಳೆ. ಹೆದ್ದಾರಿ ಹಿಡಿಯಬಾರದು. ಹೋದ ದಾರಿಯಲ್ಲಿ ಹಿಂದಿರುಗಬಾರದು.

"ಹೋದ ದಾರೀಲೇ ವಾಪಸ್ ಬರೋಕೆ ಶಾಲೆಯವರು ನಂಗೆ ಸಂಬಳ ಕೊಡ್ತಾರೆ," ಎನ್ನುತ್ತಿದ್ದ. "ರಜೇಲಿ ಪುಕ್ಕಟೆ ಯಾಕೆ ಮಾಡ್ಲಿ?"

ಹೀಗೆ ಅವರು ಆರಿಜೋನಾದ ಕೆಂಪು ಬಂಡೆಗಳ ನಡುವೆ ಹೋದರು, ಒರೆಗಾನಿನ ಕಡಲ ದಂಡೆಯುದ್ದಕ್ಕೂ ಹೋದರು, ಒಂದು ವರ್ಷ ವರ್ಜೀನಿಯಾದ ನೀಲಿ ಬೆಟ್ಟಗಳ ನೆತ್ತಿಯ ಮೇಲೇ ಮೂರು ದಿನ ಓಡಾಡಿದರು. ನಕ್ಷೆ ಆರ್ಡಿತ್‌ಳ ತೊಡೆಯ ಮೇಲೆ. ಬೆಟ್ಟ, ಕಣಿವೆ, ಆಕಾಶ ಎಲ್ಲ ಲೈಲ್‌ನ ಪಾಲಿಗೆ. "ಅಲ್ನೋಡು, ಹದ್ದು!" ಎಂದು ಅವನು ಕೈಯೆತ್ತಿ ತೋರಿಸಿದರೆ ಅವಳು ನೋಡುತ್ತಿದ್ದದ್ದು ಸ್ಟಿಯರಿಂಗ್ ಬಿಟ್ಟ ಆ ಕೈಯನ್ನು. ಅವಳ ನೆನಪಿನಲ್ಲಿ ಅಮೆರಿಕವೆಂದರೆ ರಸ್ತೆಯಂಚಿನ ಬಿಳಿ ಗೆರೆ, ತಗ್ಗಿದ ತಡೆಗಂಬಿ, ಇಳಿಜಾರಿದೆ ಎಂದು ಎಚ್ಚರಿಸುವ ಹಳದಿ ಫಲಕ.

*

ಚರ್ಚಿನ ಪಡಸಾಲೆಯಲ್ಲಿ ಲೋರ್ನಾ ದೊಡ್ಡ ಹಲಗೆಯೊಂದಕ್ಕೆ ಫೋಟೋಗಳನ್ನು ಅಂಟಿಸಿ ನಿಲ್ಲಿಸಿದ್ದಳು. ಪ್ರಾರ್ಥನೆಗೆ ಮುಂಚೆ ಜನ ಅದರ ಮುಂದೆ ಗುಂಪಾಗಿದ್ದರು. ನಡುವೆ ಲೈಲ್‌ನ ತಂಗಿ ವೆರ್ನಾ, ಕಪ್ಪು ಉಡುಪಿನ ಮೇಲೆ ಅಡುಗೆಯ ಏಪ್ರನ್ ಕಟ್ಟಿಕೊಂಡೇ ನೆಲಮಾಳಿಗೆಯಿಂದ ಹತ್ತಿ ಬಂದಿದ್ದಳು. ಮಣ್ಣು ಮುಗಿಸಿ ಬಂದವರಿಗೆ ಅಲ್ಲಿ ಹಾಕುವ ಊಟದ ಜವಾಬ್ದಾರಿ ಯಾವಾಗಲೂ ಅವಳದೇ. ಇವತ್ತು ಅಣ್ಣನ ಸಾವಾದರೂ ಬೇರೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ.

"ಇದನ್ನ ನೋಡ್ರೋ," ವೆರ್ನಾ ಒಂದು ಫೋಟೋದ ಮೇಲೆ ಬೆರಳಿಟ್ಟಳು. "ಎದುರಿಗೆ ಗ್ರಾಂಡ್ ಕ್ಯಾನಿಯನ್ ಬಾಯಿ ತೆರ್ಕೊಂಡು ಬಿದ್ದಿದೆ. ನಮ್ಮಣ್ಣ ಅದನ್ನ ನೋಡ್ತಿದಾನೆ. ಇವಳು ಯಾವ ಕಡೆ ತಿರುಗಿದಾಳೆ?"

"ಕಾರಿನ ಕಡೆ," ಎಂದ ಯಾರೋ.

"ಹ್ಞಾ! ಕೈಬ್ರೇಕು ಎಳೆದಿದಾನೋ ಇಲ್ವೋ ಅಂತ!"

ಎಲ್ಲರೂ ನಕ್ಕರು. ಆರ್ಡಿತ್ ಕೂಡ ನಕ್ಕಳು. ಎಳೆದಿರಲಿಲ್ಲ ಎಂಬುದು ಅವಳಿಗೆ ಇನ್ನೂ ನೆನಪಿತ್ತು.

"ಯೂಟಾ ನೋಡಿ, ಅಲ್ಲೂ ಕಾರ್ ಕಡೆಗೇ ಕಣ್ಣು. ಇಲ್ಲಿ ಕಡಲು, ಇಲ್ಲೂ ಅಷ್ಟೇ." ವೆರ್ನಾ ಮೂಗು ಒರೆಸಿಕೊಂಡಳು, ನಗುವೋ ಅಳುವೋ ಗೊತ್ತಾಗಲಿಲ್ಲ. "ಅವನಿಗೆ ಅಲಾಸ್ಕಾ ತನಕ ಓಡಿಸ್ಕೊಂಡು ಹೋಗ್ಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ? ಒಬ್ನೇ ಆಗಿದ್ರೆ ಹೋಗ್ತಿದ್ದ. ಹೆಂಡ್ತಿ ಹೆದರ್ತಾಳೆ ಅಂತ ಬಿಟ್ಟ. ಪಾಪ."

"ಅತ್ತೆ, ಸಾಕು," ಎಂದಳು ಲೋರ್ನಾ.

"ನಾನೇನು ಸುಳ್ಳು ಹೇಳಿದ್ನಾ? ಕೇಳು ನಿಮ್ಮಮ್ಮನ್ನೇ."

ಆರ್ಡಿತ್ ಕೈಚೀಲದ ಕೊಂಡಿಯನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು, ಹಾಕಿದಳು. ಸುಳ್ಳಲ್ಲ. ವೆರ್ನಾ ಬಾಯಿಬಿಟ್ಟು ಹೇಳಿದ್ದನ್ನೇ ಅವಳು, ಅವನು ಹೋದ ಈ ನಾಲ್ಕು ದಿನಗಳಿಂದ, ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದಳು. ಅಷ್ಟು ರಸ್ತೆಗಳಲ್ಲಿ ಅವನ ಪಕ್ಕದಲ್ಲಿ ಕೂತಿದ್ದವಳು ಜೊತೆಗಾತಿಯಾಗಿದ್ದಳೋ, ಹೊರೆಯಾಗಿದ್ದಳೋ? ಕೇಳಿ ತಿಳಿದುಕೊಳ್ಳಲು ಈಗ ಅವನಿರಲಿಲ್ಲ.

*

ಒಮ್ಮೆ ಮಾತ್ರ ಕೇಳಿದ್ದಳು. ವಯೋಮಿಂಗಿನ ಒಂದು ಘಟ್ಟದಲ್ಲಿ, ಜೂನ್ ತಿಂಗಳಲ್ಲೂ ಅಂಚಿನಲ್ಲಿ ಹಿಮ ಬಿದ್ದಿದ್ದ ರಸ್ತೆಯಲ್ಲಿ. ತಿರುವಿನ ಮೇಲೆ ತಿರುವು. ಅವಳ ಬಲಗಾಲು ಕಾರಿನ ನೆಲವನ್ನು ಒತ್ತುತ್ತಲೇ ಇತ್ತು. ಪ್ರತಿ ತಿರುವಿಗೂ, ಅಲ್ಲಿಲ್ಲದ ಬ್ರೇಕನ್ನು. ಆಲಿಕಲ್ಲು ಶುರುವಾದಾಗ ಅವಳು "ನಿಲ್ಸು" ಎಂದು ಚೀರಿದಳು.

ಲೈಲ್ ರಸ್ತೆ ಪಕ್ಕ ನಿಲ್ಲಿಸಿದ. ಆಲಿಕಲ್ಲು ತಗಡಿನ ಮೇಲೆ ಬಡಿಯಿತು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಮೊದಲು ಅವಳಿಗೆ ಕೊಟ್ಟ.

"ನಾನು ನಿನ್ನ ಪ್ರವಾಸ ಹಾಳು ಮಾಡ್ತಿದೀನಿ, ಅಲ್ವಾ?"

ಅವನು ಬಗ್ಗಿ ಅವಳ ಕಾಲಬಳಿ ನೋಡಿದ. ಕಾರ್ಪೆಟ್ಟಿನ ಮೇಲೆ ಅವಳ ಹಿಮ್ಮಡಿ ಒತ್ತಿದ ಜಾಗ ತೆಳ್ಳಗಾಗಿ ನೂಲು ಕಾಣುತ್ತಿತ್ತು. ಅವನ ಮುಖದಲ್ಲಿ ಏನೋ ಮೂಡಿತು. ನಗು ಅನ್ನಬಹುದು, ಅನ್ನದೆಯೂ ಇರಬಹುದು.

"ಕೆಳಗಿಳಿದ ಮೇಲೆ ಯಾವ ಕಡೆ ತಿರುಗ್ಬೇಕು?" ಎಂದು ಕೇಳಿದ.

ಅವಳು ನಕ್ಷೆ ನೋಡಿ ಹೇಳಿದಳು. ಅವಳ ಪ್ರಶ್ನೆ ಅಲ್ಲಿಗೇ ನಿಂತಿತು.

*

ಸ್ಮಶಾನ ಊರಾಚೆಯ ದಿಬ್ಬದ ಮೇಲಿತ್ತು. ಶವದ ಕಾರಿನ ಹಿಂದೆ ಬ್ಯೂಕ್, ಅದರ ಹಿಂದೆ ಊರೇ. ಚರ್ಚಿನಿಂದ ಹೊರಡುವಾಗಲೇ ಶವಸಂಸ್ಕಾರದವನು ಪ್ರತಿ ಕಾರಿನ ಕಿಟಕಿ ತಟ್ಟಿ, "ದೀಪ ಹಾಕ್ಕೊಳಿ. ವಾಪಸ್ ಊಟಕ್ಕೆ ಬರೋ ತನಕ ಆರಿಸ್ಬೇಡಿ, ಸಾಲು ಬಿಡ್ಬೇಡಿ," ಎಂದು ಹೇಳಿದ್ದ. ಎದುರಿಗೆ ಬಂದ ಜೋಳದ ಲಾರಿಯೊಂದು ಪಕ್ಕಕ್ಕೆ ಸರಿದು ನಿಂತಿತು. ಅದರ ಚಾಲಕ ಟೋಪಿ ತೆಗೆದು ಎದೆಗೆ ಹಿಡಿದ. ಅವನೂ ಒಂದು ಕಾಲದಲ್ಲಿ ಲೈಲ್‌ನ ಬಸ್ಸಿನ ಹುಡುಗನೇ.

ಅಕ್ಟೋಬರಿನ ಗಾಳಿಗೆ ಪಾದ್ರಿಯ ಮಾತು ಅರ್ಧ ಕೇಳಿಸಿತು, ಅರ್ಧ ಹೊಲಗಳ ಕಡೆ ಹಾರಿಹೋಯಿತು. ಪೆಟ್ಟಿಗೆ ಇಳಿಯಿತು. ಜನ ಒಬ್ಬೊಬ್ಬರಾಗಿ ಆರ್ಡಿತ್‌ಳ ಕೈ ಹಿಡಿದು ಹೋದರು. ಕೊನೆಗೆ ಗೇಲನ್ ಬಂದ. ಊರಿನ ಗ್ಯಾರೇಜು ಅವನದು. ಉಜ್ಜಿ ಉಜ್ಜಿ ತೊಳೆದರೂ ಉಗುರಿನಂಚಿನಲ್ಲಿ ಕಪ್ಪು ಉಳಿದಿತ್ತು.

"ಮಿಸೆಸ್ ಹೌಗನ್, ಆ ಕಾರಿನ ವಿಷಯ. ಲೋರ್ನಾ ಹೇಳಿದ್ಲು ಅಂತ ಒಪ್ಕೊಂಡೆ. ನಿಮಗೆ ಇಷ್ಟ ಇಲ್ದಿದ್ರೆ ನಾನು ತಗೊಳಲ್ಲ."

"ಅದನ್ನ ತಗೊಂಡು ಏನ್ ಮಾಡ್ತೀಯೋ?"

"ರಿಪೇರಿ ಮಾಡಿ ನನ್ನ ಮಗಳಿಗೆ ಕೊಡೋಣ ಅಂತ. ಎಂಜಿನ್ ಗಟ್ಟಿ ಇದೆ. ಮೊದಲು ಒಳಗಿನ ಆ ಕಾರ್ಪೆಟ್ ಕಿತ್ತು ಹಾಕ್ಬೇಕು, ನಿಮ್ಮ ಕಡೇದು ತೂತು ಬಿದ್ದಿದೆ." ಗೇಲನ್ ತಲೆ ಕೆರೆದುಕೊಂಡ. "ಒಂದ್ಸಲ ನಾನೇ ಬದಲಾಯಿಸ್ತೀನಿ ಅಂತ ಹೋಗಿ ಬೈಸ್ಕೊಂಡೆ ಲೈಲ್ ಹತ್ರ."

"ಬೈದ್ನಾ? ನಮ್ಮ ಲೈಲ್?"

"ಬಸ್ಸಲ್ಲಿ ನಾವು ಅಷ್ಟು ಕುಣಿದಾಡ್ತಿದ್ವಿ, ಆಗ್ಲೂ ಬೈದೋರಲ್ಲ. ಅವತ್ತು ಬೈದ್ರು. 'ಮುಟ್ಟೀಯ ಹುಷಾರ್, ಅದು ನನ್ನ ಎರಡನೇ ಬ್ರೇಕು. ಅದು ಅಲ್ಲಿರೋದಕ್ಕೇ ನಾನು ಇಷ್ಟು ವರ್ಷ ಬೆಟ್ಟ ನೋಡ್ಕೊಂಡು ಓಡ್ಸಿರೋದು. ಆ ಸೀಟು ಖಾಲಿ ಇದ್ರೆ ನಾನೂ ನಿಮ್ಮೆಲ್ಲರ ಹಾಗೆ ರಸ್ತೆ ನೋಡ್ಬೇಕಾಗ್ತಿತ್ತು' ಅಂದ್ರು."

ಆರ್ಡಿತ್ ಬ್ಯೂಕಿನ ಕಡೆ ನೋಡಿದಳು. ಗೇಲನ್ ತಾನು ತಪ್ಪು ಮಾತಾಡಿದೆನೇನೋ ಎಂದು ಅವಳ ಮುಖ ನೋಡಿದ.

"ವೆರ್ನಾ ನಿನ್ನ ಗಾಡೀಲಿ ಬರ್ತಾಳಾ?" ಎಂದು ಕೇಳಿದಳು ಅವಳು.

"ಹ್ಞೂ. ಆಗ್ಲೇ ಹತ್ತಿ ಕೂತು ಹಾರ್ನ್ ಒತ್ತೋಕೆ ಕೈ ಚಾಚ್ತಿದಾರೆ. ಊಟಕ್ಕಿಟ್ಟ ಹ್ಯಾಮ್ ಒಣಗತ್ತಂತೆ."

"ಕಾರು ಕೊಡಲ್ಲ ಕಣೋ, ಗೇಲನ್."

"ಸರಿ, ಮಿಸೆಸ್ ಹೌಗನ್." ಅವನ ದನಿಯಲ್ಲಿ ನಿರಾಳವಿತ್ತು.

ಆರ್ಡಿತ್ ಬ್ಯೂಕಿನ ಬಳಿ ಹೋಗಿ ಲೋರ್ನಾಳ ಮುಂದೆ ಕೈ ಚಾಚಿದಳು.

"ಕೀ ಕೊಡು."

"ಅಮ್ಮಾ."

"ಕೊಡು."

ಚಾಲಕನ ಸೀಟಿನಲ್ಲಿ ಕೂತು ಕೆಳಗಿನ ಹಿಡಿಯನ್ನು ಹಿಡಿದಳು. ಈ ಸಲ ಬಿಡಲಿಲ್ಲ. ಸೀಟು ಕಿರುಗುಟ್ಟುತ್ತ ಒಂದೊಂದೇ ಹಲ್ಲು ದಾಟಿ ಮುಂದೆ ಬಂತು, ಅವಳ ಪಾದ ಪೆಡಲನ್ನು ಮುಟ್ಟುವ ತನಕ. ಲೋರ್ನಾ ಪಕ್ಕದಲ್ಲಿ ಕೂತು ಬೆಲ್ಟನ್ನು ಎರಡು ಸಲ ಜಗ್ಗಿ ನೋಡಿಕೊಂಡಳು.

ಗೇಟಿನಿಂದ ಎಡಕ್ಕೆ ಊರು. ಬಂದ ದಾರಿ. ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಇಟ್ಟ ಬನ್ನುಗಳು, ಆಲೂಗಡ್ಡೆಯ ಸಾಲಡ್, ದೊಡ್ಡ ಪಾತ್ರೆಯಲ್ಲಿ ಕಾಫಿ ಕಾಯುತ್ತಿದ್ದವು. ಬಲಕ್ಕೆ ಹಳೆಯ ದಂಡೆ ರಸ್ತೆ; ಮಿಸೌರಿ ನದಿಯ ಮೇಲಿನ ಗುಡ್ಡಗಳನ್ನು ಬಳಸಿ, ಏರಿ, ಇಳಿದು, ಎಷ್ಟೋ ಸುತ್ತಿ ಕೊನೆಗೆ ಅದೂ ಊರಿಗೇ ಬರುತ್ತಿತ್ತು.

ಆರ್ಡಿತ್ ಬಲಕ್ಕೆ ತಿರುಗಿಸಿದಳು.

"ಈ ಕಡೆ ಅಲ್ಲಮ್ಮಾ!"

"ಗೊತ್ತು."

"ಮತ್ತೆ?"

"ಬಂದ ದಾರೀಲೇ ಹೋದ್ರೆ ನಿಮ್ಮಪ್ಪ ಏನಂತಿದ್ದ?"

 ಲೋರ್ನಾ ಪಕ್ಕದ ಕನ್ನಡಿ ನೋಡಿ, "ಅಯ್ಯೋ ದೇವರೇ," ಎಂದಳು. "ಅಮ್ಮಾ, ಎಲ್ಲರೂ ಬರ್ತಿದಾರೆ."

ಗೇಲನ್‌ನ ಗಾಡಿ ಬಲಕ್ಕೆ ತಿರುಗಿತ್ತು. ಅದರ ಹಿಂದಿನದೂ ತಿರುಗಿತು, ಅದರ ಹಿಂದಿನದೂ. ಸತ್ತವರ ಮನೆಯವರ ಕಾರು ಇನ್ನೂ ದೀಪ ಹಾಕಿಕೊಂಡು ಹೋಗುತ್ತಿರುವಾಗ ಅದನ್ನು ಬಿಟ್ಟು ಬೇರೆ ದಾರಿ ಹಿಡಿಯುವುದು ಎಲ್ಮ್ ಬೆಂಡಿನಲ್ಲಿ ಯಾರಿಂದಲೂ ಆಗುವ ಕೆಲಸವಲ್ಲ. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕೇಳುವುದು ಮರ್ಯಾದೆಯೂ ಆಗಿರಲಿಲ್ಲ.

ವೆರ್ನಾಗೆ ಮಾತ್ರ ಆ ಮರ್ಯಾದೆ ಇರಲಿಲ್ಲ. ಲೋರ್ನಾಳ ಫೋನು ಹೊಡೆದುಕೊಂಡಿತು.

"ಏನಾಗಿದೆ ಅವಳಿಗೆ? ಎಲ್ಲಿಗೆ ಹೋಗ್ತಿದಾಳೆ?" ಫೋನಿನಾಚೆಯ ದನಿ ಕಾರೆಲ್ಲ ತುಂಬಿತು. "ಪಾದ್ರಿನೂ ಹಿಂದೆ ಬರ್ತಿದಾರೆ! ಊಟ ಬಡಿಸೋಕೆ ಅಲ್ಲಿ ಒಬ್ಬರೂ ಇಲ್ಲ! ಆ ಗೇಲನ್‌ಗೆ ತಿರುಗ್ಸೋ ಅಂದ್ರೆ ಸಾಲು ಬಿಡಬಾರ್ದು ಅಂತಾನೆ!"

"ಹಿಂದೆ ಬನ್ನಿ ಅಂತ ನಾನು ಯಾರಿಗೂ ಹೇಳಿಲ್ಲ ಅಂತ ಹೇಳು," ಎಂದಳು ಆರ್ಡಿತ್, ಬಿಳಿ ಗೆರೆಯ ಮೇಲಿಂದ ಕಣ್ಣು ತೆಗೆಯದೆ.

ಲೋರ್ನಾಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಅತ್ತಳು. "ಅತ್ತೆ, ಕಿಟಕಿಯಿಂದ ಆಚೆ ನೋಡಿ, ಚೆನ್ನಾಗಿದೆ," ಎಂದು ಹೇಳಿ ಫೋನ್ ಇಟ್ಟಳು.

ರಸ್ತೆ ಗುಡ್ಡದ ನೆತ್ತಿಗೆ ಏರಿ, ಅಲ್ಲಿಂದ ನದಿಯ ಕಡೆಗೆ ಕಡಿದಾಗಿ ಇಳಿಯಿತು. ತಡೆಗಂಬಿ ಅಲ್ಲಲ್ಲಿ ಮಾತ್ರ. ಆರ್ಡಿತ್‌ಳ ಕೈಗಳು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದವು. ಬೆನ್ನು ಸೀಟಿಗೆ ತಾಗಿರಲಿಲ್ಲ. ಮೊದಲ ತಿರುವು ಬಂತು. ಅವಳು ಬ್ರೇಕನ್ನು ಮೆತ್ತಗೆ ಒತ್ತಿದಳು. ಇಷ್ಟು ವರ್ಷ ಒತ್ತಿ ಒತ್ತಿ ಕಲಿತ ಕಾಲಿನ ಮಾತನ್ನು ಕಾರು ಮೊದಲ ಸಲ ಕೇಳಿತು.

"ಅಮ್ಮಾ, ನಿಧಾನ."

"ನಿಧಾನವಾಗೇ ಹೋಗ್ತಿದೀನಿ."

"ಇನ್ನೂ ನಿಧಾನ. ಮುಂದೆ ತಿರುವಿದೆ, ನೋಡ್ತಿದೀಯ ತಾನೇ?"

ಆರ್ಡಿತ್ ಒಂದು ಕ್ಷಣ ಪಕ್ಕಕ್ಕೆ ನೋಡಿದಳು. ಲೋರ್ನಾ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದು, ಕಣ್ಣನ್ನು ರಸ್ತೆಯ ಮೇಲೆ ನೆಟ್ಟು ಕೂತಿದ್ದಳು. ಅವಳ ಬಲಗಾಲಿನ ಕಪ್ಪು ಶೂ ಕಾರ್ಪೆಟ್ಟಿನ ಸವೆದ ಕುಳಿಯನ್ನು ತಾನಾಗಿಯೇ ಹುಡುಕಿಕೊಂಡು, ಅದರೊಳಗೆ ಕೂತು, ಒತ್ತುತ್ತಿತ್ತು.

ಆರ್ಡಿತ್ ಬೆನ್ನನ್ನು ಸೀಟಿಗೆ ಒರಗಿಸಿದಳು. ಆಮೇಲೆ ಬಿಳಿ ಗೆರೆಯಿಂದ ಕಣ್ಣೆತ್ತಿ, ಕೆಳಗೆ ಬಿಸಿಲಿನಲ್ಲಿ ಅಗಲವಾಗಿ ಬಿದ್ದಿದ್ದ ನದಿಯನ್ನು ನೋಡಿದಳು. ಹಿಂದೆ, ತಿರುವಿನಿಂದ ತಿರುವಿಗೆ, ಹಗಲಲ್ಲೂ ದೀಪ ಹಾಕಿಕೊಂಡ ಕಾರುಗಳು ಒಂದೊಂದಾಗಿ ಗುಡ್ಡ ಇಳಿಯುತ್ತಿದ್ದವು.