ಹಸಿರು ಬಳಿದ ನಲವತ್ತು ಮನೆ

“ಏ, ಕಾಲು ಒರೆಸ್ಕೊಂಡು ಬಾರೋ! ಕಾರ್ಪೆಟ್ ಏನು ನಿಮ್ಮಪ್ಪಂದಾ?”

ನಗರಸಭೆಯ ಸಭಾಂಗಣದ ಬಾಗಿಲಲ್ಲಿದ್ದ ಜವಾನ ಹಾಗೆ ಬೈಯುತ್ತಲೇ ಬಿದಿರಣ್ಣನ ಕೊರಳಿಗೆ ‘ಪಾಲುದಾರ’ ಎಂಬ ಚೀಟಿ ನೇತುಹಾಕಿದ. ಬೈಗುಳವೂ ಮರ್ಯಾದೆಯೂ ಒಂದೇ ಕೈಯಿಂದ! ಕಟ್ಟಿಕೊಂಡ ಮೋರಿಗೆ ಸೀಳುಬಿದಿರು ತುರುಕಿ ಬಿಡಿಸುವುದು ಇವನ ಕಸುಬು, ಹೆಸರು ಬಂದದ್ದೂ ಅದರಿಂದಲೇ. ಇಪ್ಪತ್ತು ವರ್ಷ ಮೋರಿಯಲ್ಲಿ ಮುಳುಗೆದ್ದ ಮೇಲೆ ನಗರಕ್ಕೆ ಈಗ ಇವನ ಅಭಿಪ್ರಾಯ ಬೇಕಾಗಿತ್ತಂತೆ. ಓದು ಬಲ್ಲವಳೆಂದು ಅಕ್ಕನನ್ನೂ ಕರೆತಂದಿದ್ದ.

ಹವಾಮಾನ ಕೆಟ್ಟಿದೆ, ನೆರೆ ತಡೆಯಬೇಕು, ಎಲ್ಲರೂ ಕೈಜೋಡಿಸಬೇಕು ಎಂದು ಸಾಹೇಬರು ಒಂದು ಗಂಟೆ ಕೊರೆದರು. ಗೋಡೆಯ ನಕ್ಷೆಯಲ್ಲಿ ಇವರ ಕೇರಿಯಿದ್ದ ಕಾಲುವೆ ದಂಡೆಗೆ ಹಸಿರು ಬಳಿದಿದ್ದರು.

“ನಮ್ಮ ನಲವತ್ತು ಮನೆ ಎಲ್ಲಿ ಸ್ವಾಮಿ?” ಅಕ್ಕ ಕೇಳಿದಳು.

“ಅಲ್ಲಿ ಮರ ಬರುತ್ತಮ್ಮ. ನೆರಳು, ತಂಪು.”

“ನಾವೆಲ್ಲಿಗೆ ಹೋಗ್ಬೇಕು?”

“ಅದು ಬೇರೆ ಇಲಾಖೆ. ಇಲ್ಲಿ ಸಹಿ ಹಾಕಿ, ಒಂದು ಫೋಟೊ ತೆಗೆಸ್ಕೊಳ್ಳಿ.”

ಅಕ್ಕ ಹಾಳೆ ಓದಿದಳು. “ಥೂ! ಮನೆ ಬಿಡೋಕೆ ಒಪ್ಪಿದ್ದೀವಿ ಅಂತ ಬರ್ದಿದ್ದಾರೆ ಕಣೋ!”

ಬಿದಿರಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಸಭಾಂಗಣದ ಪಕ್ಕದ ಕಕ್ಕಸಿನ ಬಾಗಿಲಡಿಯಿಂದ ಕಪ್ಪು ನೀರು ಹರಿದುಬಂತು. ನೆರೆ ತಡೆಯಲು ಕೂತಿದ್ದ ಮಹಾನುಭಾವರೆಲ್ಲ ಮೂಗು ಮುಚ್ಚಿಕೊಂಡು ಕಾಲು ಮೇಲೆತ್ತಿದರು.

“ನೋಡ್ತಾ ಕೂತಿದ್ದೀಯಲ್ಲೋ, ಇಳಿಯೋ ಬೋಳಿಮಗನೆ!” ಎಂದರು ಸಾಹೇಬರು. ಬಾಯಲ್ಲಿದ್ದ ಬೆಣ್ಣೆ ಅದೆಲ್ಲಿ ಕರಗಿತೋ!

ಎಲ್ಲಿ ಕಟ್ಟಿದೆಯೆಂದು ಅವನಿಗೆ ಗೊತ್ತಿತ್ತು. ಹಿತ್ತಲಿನ ಎರಡನೇ ಗುಂಡಿ. ಹೋದ ತಿಂಗಳೂ ಅವನೇ ಕೈಹಾಕಿ ತೆಗೆದಿದ್ದ. ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

“ಇವತ್ತು ನಾನು ಪಾಲುದಾರ. ಆ ಹಸಿರಿನ ಮೇಲೆ ನಲವತ್ತು ಮನೆ ಬರೀರಿ, ಆಮೇಲೆ ಇಳೀತೀನಿ.”

“ಕೆಲಸದಿಂದ ಕಿತ್ತಾಕ್ತೀನಿ!”

“ಕಿತ್ತಾಕಿ. ಗುಂಡಿಗೆ ನೀವೇ ಇಳೀರಿ.”

ನೀರು ಬೂಟಿನ ಲೇಸು ಮುಟ್ಟಿತು. ಸಾಹೇಬರು ಜವಾನನ ಮುಖ ನೋಡಿದರು, ಜವಾನ ಛಾವಣಿ ನೋಡಿದ. ಕೊನೆಗೆ ಹಲ್ಲು ಕಡಿಯುತ್ತಾ ಪೆನ್ನು ತೆಗೆದು ನಕ್ಷೆಯ ಕಡೆ ಹೆಜ್ಜೆಯಿಟ್ಟವರು ಜಾರಿದರು. ಹೇಗೋ ಗೋಡೆ ಹಿಡಿದು ನಿಂತರು, ಪೆನ್ನು ಮಾತ್ರ ಆ ಕಪ್ಪು ನೀರಿಗೆ ಬಿತ್ತು.

“ಎತ್ತಿಕೊಡೋ,” ಎಂದರು.

ಬಿದಿರಣ್ಣ ಅಲ್ಲಾಡಲಿಲ್ಲ.

“ಕೈ ಹಾಕಿ ಸ್ವಾಮಿ,” ಎಂದಳು ಅಕ್ಕ. “ನನ್ನ ತಮ್ಮ ಇಪ್ಪತ್ತು ವರ್ಷ ಹಾಕಿದ್ದಾನೆ. ಕೈಯೇನೂ ಉದುರಿಹೋಗಲ್ಲ.”

ಸಾಹೇಬರು ಅಂಗಿಯ ತೋಳು ಮಡಿಸತೊಡಗಿದರು.