ಹೊಲಿದಿಟ್ಟ ಕಾದಂಬರಿ

ಸಾಲಗುಂದದ ಗಂಡನ ಮನೆಯಲ್ಲಿ ಕಸ್ತೂರೆಮ್ಮನಿಗೆ ಓದಲು ಒಂದು ಪುಸ್ತಕವೂ ಇರಲಿಲ್ಲ. ಉಣ್ಣಲು, ಉಡಲು ಬೇಕಾದಷ್ಟಿತ್ತು. ಅಚ್ಚಿನ ಅಕ್ಷರವೆಂದರೆ ಗೋಡೆಗೆ ತೂಗುಹಾಕಿದ ಪಂಚಾಂಗ ಒಂದೇ. ಅದನ್ನೂ ಮಾವ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹೀಗಾಗಿ ಚೊಚ್ಚಲ ಬಸುರಿಯಾಗಿ ಮಸ್ಕಿಯ ತವರಿಗೆ ಬಂದಾಗ ಅವಳು ತಾಯಿಯ ಹೋಳಿಗೆಗಿಂತ ತಮ್ಮ ಹಂಪಣ್ಣನ ದಾರಿಯನ್ನೇ ಹೆಚ್ಚು ಕಾದಳು. ಅವನು ಲಿಂಗಸುಗೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಅಲ್ಲಿಯ ಉರ್ದು ಪುಸ್ತಕಗಳ ಕಪಾಟಿನಲ್ಲಿ ಈಚೆಗೆ ಒಂದು ಸಾಲು ಕನ್ನಡ ಪುಸ್ತಕಗಳು ಬಂದಿದ್ದವು. ಸೂಟಿಗೆ ಊರಿಗೆ ಹೋಗುವ ಹುಡುಗರಿಗೆ ಒಂದೊಂದು ಕೊಡುತ್ತಿದ್ದರು. ಹಂಪಣ್ಣನಿಗೆ ಓದಿನ ಹುಚ್ಚಿರಲಿಲ್ಲ. ಅಕ್ಕನಿಗೆಂದೇ ಬೇಸಿಗೆ ಸೂಟಿಗೆ ಒಂದು ದಪ್ಪ ಕಾದಂಬರಿ ತಂದ.

ಬೇಗ ತೀರಬಾರದೆಂದು ಕಸ್ತೂರೆಮ್ಮ ಅದನ್ನು ಸ್ವಲ್ಪ ಸ್ವಲ್ಪವೇ ಓದಿದಳು. ಅದರಲ್ಲಿ ನೀಲಮ್ಮನೆಂಬ ಹೆಂಗಸು ಅತ್ತೆಯ ಮನೆ ಬಿಟ್ಟು ಬಂದು ತಾನೇ ದುಡಿದು ಬದುಕುತ್ತಿದ್ದಳು. ಒಂದು ಮಧ್ಯಾಹ್ನ ಓದುತ್ತ ಓದುತ್ತ ಕಸ್ತೂರೆಮ್ಮ ನಕ್ಕಳು.

“ನೀಲಮ್ಮಗೂ ಏಳು ತಿಂಗಳಂತಲೇ ಹಂಪ್ಯಾ!”

“ಹಂಗಾರ ಹಡದು ಸಾಯ್ತಾಳ ತಗೋ. ಕತಿಯೊಳಗ ಬಸರಾದಾಕಿ ಉಳದದ್ದು ಎಲ್ಲೈತಿ?”

ಹುಟ್ಟುವ ಕೂಸಿಗೆ ಕೌದಿ ಹೊಲಿಯುತ್ತ ಕುಳಿತಿದ್ದ ತಾಯಿ ಸಂಗಮ್ಮ ಸೂಜಿ ನಿಲ್ಲಿಸಿದಳು. ಬಸುರಿಯ ಕಿವಿಗೆ ಸಾವಿನ ಸುದ್ದಿ ಬೀಳಬಾರದೆಂಬುದು ಆ ಮನೆಯ ಕಟ್ಟಳೆ. ನೆರೆಯಲ್ಲಿ ಯಾರಾದರೂ ಸತ್ತರೂ ಊರಿಗೆ ಹೋಗಿದ್ದಾರೆ ಎನ್ನುತ್ತಿದ್ದರು.

“ತಾ ಇಲ್ಲಿ ಅದನ್ನ.”

“ಯವ್ವಾ, ಚ್ಯಾಷ್ಟಿಗಂದೆ. ನಾ ಅದನ್ನ ತೆರದೂ ನೋಡಿಲ್ಲ,” ಎಂದ ಹಂಪಣ್ಣ.

“ನೋಡಲಾರದ ಸಾವು ಬಾಯಾಗ ಹೆಂಗ ಬಂತೋ ಮೂಳಾ? ಈಗ ಅಕ್ಕ ಅಳ್ತಾಳಂತ ಸುಳ್ಳು ಹೇಳಾಕತ್ತಿ.”

ಅವನು ಆಣೆ ಮಾಡಿದಷ್ಟೂ ಅವಳ ಗುಮಾನಿ ಬಲಿಯಿತು. ಮಗಳು ಓದಿ ನಿಲ್ಲಿಸಿದ ಪುಟದಿಂದ ಕೊನೆಯವರೆಗಿನ ಹಾಳೆಗಳನ್ನು ಒಟ್ಟಿಗೆ ಹಿಡಿದು, ಕೌದಿಯ ದಾರದಿಂದಲೇ ಮೂರೂ ಅಂಚು ಹೊಲಿದುಬಿಟ್ಟಳು. ಗಂಟಿಗೆ ವಿಭೂತಿ ಹಚ್ಚಿದಳು.

“ಓದಿದ್ದನ್ನ ಎಷ್ಟು ಸಲ ಬೇಕಾದ್ರೂ ಓದ್ಕೋ ಬೇ. ಅದ್ರಾಗ ಎಲ್ಲಾರೂ ಚಂದ ಅದಾರಲ್ಲ?”

ಮರುದಿನ ಕಸ್ತೂರೆಮ್ಮ ಹಾಳೆಗಳನ್ನು ಉಬ್ಬಿಸಿ, ಹೊಲಿಗೆಯ ಸಂದಿಯಲ್ಲಿ ಒಂದು ಕಣ್ಣಿಟ್ಟು ನೋಡಿದಳು. ನೀಲಮ್ಮನ ಮನೆಯ ಮುಂದೆ ಜನ ನೆರೆದಿದ್ದರು ಎಂಬುದಷ್ಟೇ ಕಂಡಿತು. ಜನ ತೊಟ್ಟಿಲಿಗೂ ನೆರೆಯುತ್ತಾರೆ, ಹೆಣಕ್ಕೂ ನೆರೆಯುತ್ತಾರೆ.

ಹಂಪಣ್ಣ ಬ್ಲೇಡು ತಂದುಕೊಟ್ಟ. “ಕೊಯ್ದುಬಿಡು ಯಕ್ಕ. ಓದಿದ ಮ್ಯಾಲ ನಾನ ಹೊಲದು ಇಡ್ತೀನಿ.”

“ನಿನಗ ಹೊಲಿಗಿ ಬರ್ತೈತೇನು?”

“ನಮ್ಮವ್ವಂದೂ ಏನ್ ದರ್ಜಿ ಕೆಲಸಲ್ಲ ಬಿಡು.”

ಅವಳು ಬ್ಲೇಡನ್ನು ದಾರಕ್ಕೆ ತಾಗಿಸಿದಳು. ಒಳಗೆ ಕೂಸು ಒದೆಯಿತು. ಅದು ದಿನಾಲೂ ಒದೆಯುತ್ತಿತ್ತು. ದಾರಕ್ಕೂ ಹೊಟ್ಟೆಗೂ ಸಂಬಂಧವಿಲ್ಲವೆಂದು ಅವಳಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಬ್ಲೇಡು ತಿರುಗಿ ಕೊಟ್ಟಳು.

“ಹಾಸ್ಟೆಲಿನ್ಯಾಗ ಕೊಯ್ದು ಓದು. ನಾ ಹಡದ ಮ್ಯಾಲ ಬಂದು ಹೇಳು.”

ಸೂಟಿ ಮುಗಿದು ಅವನು ಪುಸ್ತಕದೊಂದಿಗೆ ಲಿಂಗಸುಗೂರಿನ ಬಸ್ಸು ಹತ್ತಿದ. ಕಸ್ತೂರೆಮ್ಮ ಹೆಣ್ಣು ಹಡೆದಳು, ಇಬ್ಬರೂ ಚೆನ್ನಾಗಿದ್ದರು. ದಸರೆಗೆ ಹಂಪಣ್ಣ ಬಂದು ಚೀಲ ಇಳಿಸುವ ಮೊದಲೇ ಕೇಳಿದಳು: “ನೀಲಮ್ಮ ಏನಾದ್ಲೋ?”

“ಓದಾಕ ಎಲ್ಲಿ ಬಿಟ್ರು? ನಾ ಹೋದ ದಿನಾನ ವಾರ್ಡನ್ನರು ಪುಸ್ತಕ ಕೇಳಿದ್ರು. ಹೊಲಿಗಿ ನೋಡಿ, ಇದು ಪುಸ್ತಕೋ ಕೌದಿಯೋ ಅಂದ್ರು. ತೂತು ಬಿದ್ದಾವಂತ ರದ್ದಿಗೆ ಹಾಕಿದ್ರು. ಇನ್ನ ನನಗ ಸೂಟಿಗೆ ಪುಸ್ತಕ ಇಲ್ಲಂತ.”

ತೊಟ್ಟಿಲು ತೂಗುತ್ತಿದ್ದ ಸಂಗಮ್ಮ, “ಹೋಗ್ಲಿ ಬಿಡು. ಕೂಸು ಬಂಗಾರದಂಗ ಹುಟ್ಟೇತಿ. ಹೊಲದದ್ದಕ್ಕ ಹುಟ್ಟೇತಿ,” ಎಂದಳು. ಹಬ್ಬ ಮುಗಿದೊಡನೆ ಸಾಲಗುಂದದ ಚಕ್ಕಡಿ ಬಂದು ಬಾಗಿಲಿಗೆ ನಿಂತಿತು.

ಹೊಲಿದಿಟ್ಟ ನೀಲಮ್ಮನ ಐವತ್ತೆರಡು ಪುಟ ಹೋದವು. ಹಂಪಣ್ಣನ ಓದು ಮುಗಿಯಲು ಇನ್ನೂ ನಾಲ್ಕು ಸೂಟಿ ಇದ್ದವು. ಸೂಟಿಗೊಂದರಂತೆ ಬರಬೇಕಿದ್ದ ಆ ನಾಲ್ಕು ಪುಸ್ತಕಗಳೂ ಹೋದವು.